ಮಗಳನ್ನು ಲಾ ಓದಿಸಬೇಕು: ಕಾಲೇಜಿನ ಮಾನ್ಯತೆ ನಿಜಕ್ಕೂ ಎಷ್ಟು ಮುಖ್ಯ?

ತೋಟದಮನೆ (ಹೊಸನಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಮಗಳು ಈ ಸಲ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಕಲಾ ವಿಭಾಗ, ಅಂಕ ಚೆನ್ನಾಗಿ ಬಂದಿದೆ. ವಕೀಲೆಯಾಗಬೇಕು ಅಂತ ಒಂದೇ ಹಠ. ನಮಗೂ ಸಂತೋಷವೇ. ಆದರೆ ನಮ್ಮ ಕುಟುಂಬದಲ್ಲಿ ವಕೀಲರು ಯಾರೂ ಇಲ್ಲ, ಕೇಳೋಣ ಅಂದರೆ ಹತ್ತಿರದಲ್ಲಿ ತಿಳಿದವರೂ ಇಲ್ಲ.

ಶಿವಮೊಗ್ಗದಲ್ಲಿ ಸೀಟು ಕೊಡಿಸುವ ಒಬ್ಬರ ಹತ್ತಿರ ಹೋಗಿದ್ದೆವು. ಅವರು ಬೇರೆ ರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯದ ಪುಸ್ತಿಕೆ ತೋರಿಸಿದರು. ಐದು ವರ್ಷದ ಬಿಎ ಎಲ್‌ಎಲ್‌ಬಿ. "ನ್ಯಾಕ್‌ನಲ್ಲಿ ಎ ಪ್ಲಸ್ ಇದೆ, ಊರಿನ ಕಾಲೇಜಿನಲ್ಲಿ ಓದಿದರೆ ಮುಂದೆ ಯಾರೂ ಕೇಳುವುದಿಲ್ಲ, ಈ ವಾರವೇ ಮುಂಗಡ ಕಟ್ಟಿ" ಅಂದರು. ಬಾರ್ ಕೌನ್ಸಿಲ್ ವಿಷಯ ಕೇಳಿದಾಗ "ಅದೆಲ್ಲ ಆಗುತ್ತೆ" ಅಂತ ಹೇಳಿ ಮಾತು ಬದಲಿಸಿದರು. ಫೀಸು ನೋಡಿದರೆ ನಮ್ಮ ಅಡಿಕೆಯ ಎರಡು ಫಸಲು ಪೂರ್ತಿ ಅಲ್ಲಿಗೇ ಹೋಗುತ್ತದೆ.

ವಕೀಲರಾಗುವುದಕ್ಕೆ ಕಾಲೇಜಿನ ಮಾನ್ಯತೆ ಎಷ್ಟು ಮುಖ್ಯ? ಯಾವ ಮಾನ್ಯತೆ ನೋಡಬೇಕು? ಅನುಭವ ಇರುವವರು ದಯವಿಟ್ಟು ತಿಳಿಸಿ.

ವಕೀಲೆ, ಶಿವಮೊಗ್ಗ

ಸರ್, ಮುಂಗಡ ಕಟ್ಟಬೇಡಿ. ಮೊದಲು ಇದನ್ನು ಓದಿ.

ನೀವು ಬಾರ್ ಕೌನ್ಸಿಲ್ ವಿಷಯ ಕೇಳಿದಾಗ ಅವರು ಮಾತು ಬದಲಿಸಿದರು ಅಂದಿರಲ್ಲ, ಎಲ್ಲಕ್ಕಿಂತ ಮೊದಲು ಬೇಕಾದ ಉತ್ತರ ಅದೇ. 1961ರ ವಕೀಲರ ಕಾಯ್ದೆ ಪ್ರಕಾರ ಸನ್ನದು, ಅಂದರೆ ವಕೀಲಿಕೆ ಮಾಡುವ ಪರವಾನಗಿ, ಸಿಗಬೇಕಾದರೆ ಭಾರತೀಯ ವಕೀಲರ ಪರಿಷತ್ತು, ಅಂದರೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ, ಒಪ್ಪಿದ ಕಾನೂನು ಪದವಿ ಇರಬೇಕು. ಯಾವ ವಿಶ್ವವಿದ್ಯಾಲಯದ ಪದವಿ ನಡೆಯುತ್ತದೆ ಎಂದು ಗುರುತಿಸುವ ಅಧಿಕಾರ, ಅದಕ್ಕಾಗಿ ಹೋಗಿ ತಪಾಸಣೆ ಮಾಡುವ ಅಧಿಕಾರ ಎರಡೂ ಅದಕ್ಕಿದೆ. ಆ ಅನುಮೋದನೆ ಇಲ್ಲದ ಕಾಲೇಜಿನಲ್ಲಿ ನಿಮ್ಮ ಮಗಳು ಚಿನ್ನದ ಪದಕ ತಗೊಂಡರೂ ಕೋರ್ಟಿನಲ್ಲಿ ವಕಾಲತ್ತು ಹಾಕಲು ಆಗುವುದಿಲ್ಲ.

ನ್ಯಾಕ್ ಬೇರೆ ವಿಷಯ. ಅದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 1994ರಲ್ಲಿ ಮಾಡಿದ ಸಂಸ್ಥೆ. ಎಲ್ಲ ಬಗೆಯ ಕಾಲೇಜುಗಳ ಗುಣಮಟ್ಟ ನೋಡಿ ಗ್ರೇಡ್ ಕೊಡುತ್ತದೆ. ಒಳ್ಳೆಯ ಗ್ರೇಡ್ ಇದ್ದರೆ ಒಳ್ಳೆಯದೇ. ಆದರೆ ಸನ್ನದಿಗೆ ಅರ್ಜಿ ಹಾಕುವಾಗ ಆ ಗ್ರೇಡನ್ನು ಯಾರೂ ಕೇಳುವುದಿಲ್ಲ. ಎ ಪ್ಲಸ್ ಇರುವ ವಿಶ್ವವಿದ್ಯಾಲಯ ಹೊಸದಾಗಿ ಲಾ ವಿಭಾಗ ತೆರೆದಿದ್ದರೆ, ಆ ಗ್ರೇಡ್ ಬಂದಿದ್ದು ಅವರ ಎಂಜಿನಿಯರಿಂಗ್, ಎಂಬಿಎ ನೋಡಿ ಇರಬಹುದು. ಲಾ ವಿಭಾಗಕ್ಕೆ ಬಾರ್ ಕೌನ್ಸಿಲ್ ಅನುಮೋದನೆ ಬೇರೆಯೇ ಬೇಕು.

ಈ ಅನುಮೋದನೆಯನ್ನೂ ಇಂತಿಷ್ಟು ವರ್ಷಕ್ಕೆ ಅಂತ ಕೊಡುತ್ತಾರೆ, ನವೀಕರಣ ಆಗುತ್ತಿರಬೇಕು. ಹಾಗಾಗಿ "ಅನುಮೋದನೆ ಇದೆ" ಎನ್ನುವ ಮಾತು ಸಾಲದು. ಮಗಳು ಸೇರುವ ವರ್ಷಕ್ಕೆ ಇದೆಯಾ, ಅದೇ ಕೋರ್ಸಿಗೆ ಇದೆಯಾ ಅಂತ ನೋಡಬೇಕು. ಪದವಿ ಆದ ಮೇಲೆ ಮಾಡುವ ಮೂರು ವರ್ಷದ ಎಲ್‌ಎಲ್‌ಬಿಗೆ ಇದ್ದು ಐದು ವರ್ಷದ ಕೋರ್ಸಿಗೆ ಇಲ್ಲದಿರಬಹುದು. ಬಾರ್ ಕೌನ್ಸಿಲ್ ತನ್ನ ಜಾಲತಾಣದಲ್ಲಿ ಕಾಲೇಜುಗಳ ಪಟ್ಟಿ ಹಾಕಿದೆ. ಕಾಲೇಜಿನವರ ಹತ್ತಿರ ಅನುಮೋದನೆ ಪತ್ರದ ಪ್ರತಿ ಕೇಳಿ ತಗೊಳ್ಳಿ. ಸರಿಯಾಗಿರುವ ಕಾಲೇಜು ಅದನ್ನು ಕೊಡಲು ಹಿಂಜರಿಯುವುದಿಲ್ಲ.

ಭದ್ರಾ ಹೊಳೆ

ನನಗೆ ಒಂದು ಅರ್ಥ ಆಗುವುದಿಲ್ಲ ಮೇಡಂ. ಓದು ಮುಗಿದ ಮೇಲೆ ಹೇಗೂ ಅಖಿಲ ಭಾರತ ಬಾರ್ ಪರೀಕ್ಷೆ ಬರೆಯಬೇಕು. ಅದರಲ್ಲಿ ಪಾಸಾದರೆ ಕಾನೂನು ಗೊತ್ತು ಅಂತ ಆಯಿತಲ್ವಾ? ಮತ್ತೆ ಯಾವ ಕಾಲೇಜಿನಲ್ಲಿ ಓದಿದೆ ಅಂತ ಯಾಕೆ ಕೇಳಬೇಕು? ಬಡ ಮಕ್ಕಳು ಎಲ್ಲೋ ಸಿಕ್ಕ ಕಾಲೇಜಿಗೆ ಸೇರಿರುತ್ತಾರೆ. ಕಾಲೇಜು ಮಾಡಿದ ತಪ್ಪಿಗೆ ಮಗು ಯಾಕೆ ಅನುಭವಿಸಬೇಕು?

ವಕೀಲೆ, ಶಿವಮೊಗ್ಗ

@ಭದ್ರಾ ಹೊಳೆ, ನ್ಯಾಯವಾದ ಪ್ರಶ್ನೆ. ಇದೇ ಪ್ರಶ್ನೆ ಕೋರ್ಟಿಗೂ ಹೋಗಿತ್ತು.

ಒಡಿಶಾದಲ್ಲಿ ರಬಿ ಸಾಹು ಎನ್ನುವವರು ಬಾರ್ ಕೌನ್ಸಿಲ್ ಅನುಮೋದನೆ ಇಲ್ಲದ ಕಾಲೇಜಿನಲ್ಲಿ ಓದಿದ್ದರು. ಸನ್ನದು ಸಿಗಲಿಲ್ಲ. ಕಾಯ್ದೆಯ 24ನೇ ಕಲಮಿನಲ್ಲಿ ಇರುವ ಅರ್ಹತೆ ಸಾಕು, ಬಾರ್ ಕೌನ್ಸಿಲ್ ತಾನಾಗಿ ಹೊಸ ಷರತ್ತು ಸೇರಿಸುವ ಹಾಗಿಲ್ಲ ಅಂತ 2012ರಲ್ಲಿ ಅಲ್ಲಿನ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಅದಕ್ಕೆ ಆಧಾರ ಸುಪ್ರೀಂ ಕೋರ್ಟಿನ 1999ರ ವಿ. ಸುಧೀರ್ ತೀರ್ಪು. ಆದರೆ 2023ರ ಫೆಬ್ರವರಿಯಲ್ಲಿ ಬಾನಿ ಫೋಯಿ ಲಾ ಕಾಲೇಜು ಪ್ರಕರಣದಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಬಾರ್ ಪರೀಕ್ಷೆಯನ್ನು ಎತ್ತಿಹಿಡಿದು, ಸುಧೀರ್ ತೀರ್ಪು ಸರಿಯಲ್ಲ ಅಂತ ಹೇಳಿತು. ಅದೇ ವರ್ಷ ರಬಿ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಡಿಶಾ ತೀರ್ಪನ್ನು ಬದಿಗಿಟ್ಟಿತು. ಅನುಮೋದಿತ ಕಾಲೇಜಿನಲ್ಲೇ ಓದಿರಬೇಕು ಎನ್ನುವ ನಿಯಮ ಕಾನೂನುಬದ್ಧ ಎಂದಾಯಿತು. ಈಗ ಇರುವ ಕಾನೂನು ಇದು.

ಅಂದರೆ ಪರೀಕ್ಷೆಯೂ ಬೇಕು, ಕಾಲೇಜೂ ಸರಿ ಇರಬೇಕು. ಒಂದು ಇದ್ದರೆ ಇನ್ನೊಂದು ಬೇಡ ಅಂತ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಇದು ಇರಬೇಕಾದ್ದೇ. ಬಾರ್ ಪರೀಕ್ಷೆಯಲ್ಲಿ 100 ಬಹು ಆಯ್ಕೆ ಪ್ರಶ್ನೆ. ಕಾಯ್ದೆಯ ಪುಸ್ತಕ ಒಳಗೆ ತಗೊಂಡು ಹೋಗಬಹುದು. ಒಬ್ಬ ಮನುಷ್ಯನ ಜಾಮೀನು ಅರ್ಜಿ ನಿಮ್ಮ ಕೈಯಲ್ಲಿ ಇದ್ದಾಗ ಏನು ಮಾಡುತ್ತೀರಿ ಎನ್ನುವುದು ಆ ಪರೀಕ್ಷೆಯಿಂದ ತಿಳಿಯುವುದಿಲ್ಲ. ಕಾಲೇಜಿನಲ್ಲಿ ಅಣಕು ನ್ಯಾಯಾಲಯ, ಕರಡು ಬರೆಯುವುದು, ವೃತ್ತಿಧರ್ಮ, ಕೋರ್ಟಿಗೆ ಹೋಗಿ ವಿಚಾರಣೆ ನೋಡಿ ಡೈರಿ ಬರೆಯುವುದು, ಕಕ್ಷಿದಾರರ ಜೊತೆ ಮಾತಾಡುವುದನ್ನು ಸೀನಿಯರ್ ಪಕ್ಕದಲ್ಲಿ ಕೂತು ನೋಡುವುದು, ಇದನ್ನೆಲ್ಲ ಕಡ್ಡಾಯ ಮಾಡಿರುವುದು ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳು. ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿಗೆ 20 ವಾರ ಇಂಟರ್ನ್‌ಶಿಪ್. ಕಾಲೇಜಿನ ತಪಾಸಣೆ ನಡೆಯುವುದು ಇದಕ್ಕಾಗಿ.

ಮಗು ಯಾಕೆ ಅನುಭವಿಸಬೇಕು ಅಂದಿರಿ. ಅದು ಅನ್ಯಾಯ ಎನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಸೇರುವ ಮುಂಚೆ ಎಲ್ಲರಿಗೂ ಗೊತ್ತಾಗಬೇಕು ಅಂತ ಇಷ್ಟು ಬರೆಯುತ್ತಿದ್ದೇನೆ.

ಸೊರಬದವ

ನಮ್ಮ ಮನೆಯಲ್ಲೇ ನಡೆದಿದ್ದು ಹೇಳುತ್ತೇನೆ. ಚಿಕ್ಕಪ್ಪನ ಮಗ ಪದವಿ ಮುಗಿಸಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಯಾರೋ "ತರಗತಿಗೆ ಬರುವುದೇ ಬೇಡ, ಪರೀಕ್ಷೆ ದಿನ ಬಂದರೆ ಸಾಕು, ಎಲ್‌ಎಲ್‌ಬಿ ಆಗುತ್ತದೆ" ಅಂತ ಉತ್ತರದ ಕಡೆಯ ಒಂದು ಕಾಲೇಜಿಗೆ ಸೇರಿಸಿದರು. ವರ್ಷಕ್ಕೆ ಎರಡು ಸಲ ರೈಲು ಹತ್ತಿ ಹೋಗಿ ಬರೆದು ಬಂದ. ಪದವಿ ಪತ್ರ ಬಂತು. ಮನೆಯಲ್ಲಿ ಎಲ್ಲರಿಗೂ ಸಿಹಿ ಹಂಚಿದರು.

ಸನ್ನದಿಗೆ ಅರ್ಜಿ ಹಾಕಿದ ಮೇಲೆ ಗೊತ್ತಾಗಿದ್ದು, ಅವನು ಸೇರಿದ ವರ್ಷ ಆ ಕಾಲೇಜಿಗೆ ಅನುಮೋದನೆಯೇ ಇರಲಿಲ್ಲ. ಹಾಜರಾತಿ ದಾಖಲೆ ಕೇಳಿದರು, ಅದೂ ಇಲ್ಲ. ಕಾಲೇಜಿಗೆ ಫೋನ್ ಮಾಡಿದರೆ ತೆಗೆಯುವವರಿಲ್ಲ. ಅವನು ಈಗಲೂ ಲೆಕ್ಕ ಬರೆಯುತ್ತಿದ್ದಾನೆ. ಹಣ ಹೋಗಿದ್ದಕ್ಕಿಂತ ಆ ಮೂರು ವರ್ಷ ಹೋಗಿದ್ದು ಅವನಿಗೆ ಜಾಸ್ತಿ ನೋವು. ತೋಟದಮನೆಯವರೇ, ದಯವಿಟ್ಟು ವಕೀಲೆ ಮೇಡಂ ಹೇಳಿದ ಹಾಗೆ ಮಾಡಿ.

ವಕೀಲೆ, ಶಿವಮೊಗ್ಗ

ಓದಿ ಬೇಸರವಾಯಿತು ಸರ್. ಇಂಥ ಫೋನು ನನಗೂ ಬರುತ್ತವೆ.

ಹಾಜರಾತಿ ಬಗ್ಗೆ ಎಲ್ಲರಿಗೂ ಹೇಳಿಬಿಡುತ್ತೇನೆ. ಪ್ರತಿ ವಿಷಯದಲ್ಲೂ 70 ಶೇಕಡಾ ಹಾಜರಾತಿ ಬೇಕು. ತೀರಾ ವಿಶೇಷ ಕಾರಣ ಇದ್ದರೆ 65ರವರೆಗೆ ವಿನಾಯಿತಿ ಸಿಗಬಹುದು. ಅಂಚೆ ತೆರಪಿನಲ್ಲಿ ಮಾಡಿದ ಎಲ್‌ಎಲ್‌ಬಿಗೆ ಸನ್ನದು ಇಲ್ಲವೇ ಇಲ್ಲ. "ಬರುವುದೇ ಬೇಡ" ಎಂದು ಯಾವ ಕಾಲೇಜು ಹೇಳಿದರೂ ಅಲ್ಲಿಂದ ಎದ್ದು ಬನ್ನಿ. ವಕೀಲರ ಪದವಿಗಳು ಅಸಲಿಯೇ ಎಂದು ದೇಶದಾದ್ಯಂತ ಪರಿಶೀಲಿಸಲು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಸಮಿತಿಯನ್ನೇ ಮಾಡಿತು. ಸನ್ನದು ಸಿಕ್ಕ ಮೇಲೂ ಪದವಿಯ ಪರಿಶೀಲನೆ ಆಗುತ್ತದೆ.

ಕಾಗದದ ಊರು, ಭದ್ರಾವತಿ

ಮೇಡಂ, ನಂದೊಂದು ಪ್ರಶ್ನೆ. ನಾನು ಸರ್ಕಾರಿ ನೌಕರ. ಪಿಯುಸಿ ಆದ ಮೇಲೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎ ಮಾಡಿದ್ದೇನೆ. ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಬಹುದಾ? ಸಂಜೆ ಕಾಲೇಜು ಇದ್ದರೆ ಅನುಕೂಲ.

ವಕೀಲೆ, ಶಿವಮೊಗ್ಗ

ಎಸ್‌ಎಸ್‌ಎಲ್‌ಸಿ, ಪಿಯುಸಿ, ಆಮೇಲೆ ಪದವಿ, ಹೀಗೆ ಕ್ರಮವಾಗಿ ಮಾಡಿದ್ದರೆ ದೂರಶಿಕ್ಷಣದ ಬಿಎ ಆದರೂ ನಡೆಯುತ್ತದೆ. ಪಿಯುಸಿ ಇಲ್ಲದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದ ಪದವಿ ತಗೊಂಡವರಿಗೆ ಮಾತ್ರ ಆಗುವುದಿಲ್ಲ. ನಿಮ್ಮದು ಸರಿ ಇದೆ. ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟ ಜಾತಿ ಪಂಗಡಕ್ಕೆ 40 ಶೇಕಡಾ ಅಂಕ ಬೇಕು.

ಆದರೆ ಸಂಜೆಯ ವಿಷಯದಲ್ಲಿ ಬೇಸರ ಮಾಡಿಕೊಳ್ಳಬೇಡಿ. ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೆ ತರಗತಿ ನಡೆಸಬಹುದು ಅಂತ ನಿಯಮ ಇದೆ, ಓದು ಮಾತ್ರ ಪೂರ್ಣಾವಧಿಯದೇ. ಕೆಲಸದಲ್ಲಿ ಇರುವವರು ಇಲಾಖೆಯ ನಿರಾಕ್ಷೇಪಣಾ ಪತ್ರ ಕೊಡಬೇಕು, ಹಾಜರಾತಿ ಬಯೋಮೆಟ್ರಿಕ್‌ನಲ್ಲಿ ಆಗಬೇಕು ಅಂತ 2024ರ ಸೆಪ್ಟೆಂಬರ್‌ನಲ್ಲಿ ಬಾರ್ ಕೌನ್ಸಿಲ್ ಸುತ್ತೋಲೆ ಹೊರಡಿಸಿದೆ. ರಜೆ ಹಾಕಿ ಓದಲು ಆಗುತ್ತದಾ ಅಂತ ಇಲಾಖೆಯಲ್ಲಿ ಮೊದಲು ಕೇಳಿಕೊಳ್ಳಿ.

ನಾಗರಭಾವಿಯಿಂದ

ನಾನು ಸಾಗರದವಳು, ಈಗ ಬೆಂಗಳೂರಿನಲ್ಲಿ ಕಾನೂನು ಓದುತ್ತಿದ್ದೇನೆ. ಎಲ್ಲರೂ ಸನ್ನದಿನ ಬಗ್ಗೆ ಮಾತ್ರ ಹೇಳುತ್ತಿದ್ದೀರಿ. ಸನ್ನದು ಸಿಗುವುದಕ್ಕೆ ಅನುಮೋದನೆ ಸಾಕು, ಸರಿ. ಆದರೆ ಕಾಲೇಜಿನ ಹೆಸರಿಗೆ ಬೆಲೆಯೇ ಇಲ್ಲ ಅನ್ನುವುದು ಪೂರ್ತಿ ನಿಜವಲ್ಲ. ದೊಡ್ಡ ಲಾ ಫರ್ಮ್‌ಗಳು, ಕಂಪನಿಗಳು ನೇರವಾಗಿ ಕೆಲಸಕ್ಕೆ ತೆಗೆದುಕೊಳ್ಳಲು ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ ಮೂಲಕ ಸೇರುವ ರಾಷ್ಟ್ರೀಯ ಕಾನೂನು ಶಾಲೆಗಳಿಗೇ ಹೆಚ್ಚು ಬರುತ್ತಾರೆ. ಅವಳು ಕಾರ್ಪೊರೇಟ್ ಕಡೆ ಹೋಗಬೇಕು ಅಂತಿದ್ದರೆ ಈ ಲೆಕ್ಕ ಬೇರೆ. ಚಿಕ್ಕಪ್ಪ, ಮಗಳಿಗೆ ಏನು ಇಷ್ಟ ಅಂತ ಕೇಳಿ ನೋಡಿ. ಒಂದು ವರ್ಷ ತಯಾರಿ ಮಾಡಿ ಕ್ಲಾಟ್ ಬರೆಯಲೂಬಹುದು.

ಆದರೆ ಯಾವುದೋ ಖಾಸಗಿ ವಿಶ್ವವಿದ್ಯಾಲಯದ ಪುಸ್ತಿಕೆಯಲ್ಲಿ ಇರುವ ಗ್ರೇಡ್ ನೋಡಿ ಅಷ್ಟು ಹಣ ಕಟ್ಟಬೇಡಿ. ಅಲ್ಲಿ ಲಾ ಓದಿದವರು ಈಗ ಎಲ್ಲಿದ್ದಾರೆ ಅಂತ ಕೇಳಿ. ಹೆಸರು ಹೇಳಲು ಆಗದಿದ್ದರೆ ಅದೇ ಉತ್ತರ.

ಹಳೇ ಫೈಲು (ಸಾಗರ)

ಈ ಮಾತಿಗೆ ಒಬ್ಬ ಹಿರಿಯ ವಕೀಲನಾಗಿ ನನ್ನದೂ ಸೇರಿಸುತ್ತೇನೆ. ಸಿವಿಲ್ ಕಡೆ ಕೆಲಸ ಮಾಡಿಕೊಂಡು ಬಂದವನು ನಾನು.

ನಾವು ಓದುವಾಗ ಶಿವಮೊಗ್ಗದ ಕಾಲೇಜುಗಳಿಗೆ ಮೈಸೂರು ವಿಶ್ವವಿದ್ಯಾಲಯದ ಪದವಿ. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಆದ ಮೇಲೆ ರಾಜ್ಯದ ಲಾ ಕಾಲೇಜುಗಳೆಲ್ಲ ಹೆಚ್ಚುಕಡಿಮೆ ಅದರ ಅಡಿಗೆ ಹೋದವು. ಶಿವಮೊಗ್ಗದ ಸಿ.ಬಿ.ಆರ್. ರಾಷ್ಟ್ರೀಯ ಕಾನೂನು ಕಾಲೇಜು ಅದಕ್ಕೇ ಸೇರಿದ್ದು. ಪದವಿ ಪತ್ರದ ಮೇಲಿನ ವಿಶ್ವವಿದ್ಯಾಲಯದ ಹೆಸರು ಇಷ್ಟು ಸಲ ಬದಲಾಯಿತು. ಸಾಗರ ಕೋರ್ಟಿನಲ್ಲಿ ಯಾರೂ ನನ್ನನ್ನು ಯಾವ ವಿಶ್ವವಿದ್ಯಾಲಯ ಅಂತ ಕೇಳಿದ್ದಿಲ್ಲ.

ಕಕ್ಷಿದಾರ ಕೇಳುವುದು ಬೇರೆ. ನನ್ನ ಬಗರ್‌ಹುಕುಂ ಅರ್ಜಿ ಏನಾಯಿತು? ಸೊಪ್ಪಿನಬೆಟ್ಟಕ್ಕೆ ಅರಣ್ಯದವರು ನೋಟಿಸ್ ಕೊಟ್ಟಿದ್ದಾರೆ, ಏನು ಮಾಡಲಿ? ಅಣ್ಣತಮ್ಮಂದಿರ ಪಾಲು ಆಗಿದೆ, ಪಹಣಿಯಲ್ಲಿ ಬಂದಿಲ್ಲ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂದು ಇಷ್ಟು ವರ್ಷ ಆಯಿತು. ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು ಎಂಬಲ್ಲಿಗೇ ಎಷ್ಟು ಅರ್ಜಿಗಳು ನಿಂತುಹೋದವು. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಶರಾವತಿ ಮುಳುಗಡೆಯವರ ಮೊಮ್ಮಕ್ಕಳು ಇವತ್ತಿಗೂ ತಾವು ಕೂತ ಜಾಗದ ಹಕ್ಕುಪತ್ರಕ್ಕೆ ಓಡಾಡುತ್ತಿದ್ದಾರೆ. 1951ರ ಕಾಗೋಡು ಗೇಣಿದಾರರ ಹೋರಾಟ ನಡೆದ ನೆಲ ಇದು. ಇಲ್ಲಿ ವಕೀಲಿಕೆ ಅಂದರೆ ಮುಕ್ಕಾಲು ಪಾಲು ಭೂಮಿ. ಇದನ್ನು ಯಾವ ದೊಡ್ಡ ವಿಶ್ವವಿದ್ಯಾಲಯದ ಪುಸ್ತಕದಲ್ಲೂ ಪೂರ್ತಿ ಹೇಳಿಕೊಡುವುದಿಲ್ಲ. ಹಳೇ ಫೈಲು ಬಿಚ್ಚಿ, ಸರ್ವೆ ನಕ್ಷೆ ಹರಡಿ, ಸೀನಿಯರ್ ಪಕ್ಕದಲ್ಲಿ ಕೂತು ಕಲಿಯಬೇಕು.

ತೀರ್ಥಹಳ್ಳಿ ಕಡೆಯ ಕಡಿದಾಳ್ ಮಂಜಪ್ಪನವರು ವಕೀಲರಾಗಿದ್ದರು, 1956ರಲ್ಲಿ ಮುಖ್ಯಮಂತ್ರಿಯಾದರು. ಗೇಣಿದಾರರ ಕಷ್ಟ ಅವರಿಗೆ ಗೊತ್ತಿದ್ದದ್ದು ಈ ಮಣ್ಣಿನಿಂದ.

ಹಾಗಂತ ಅನುಮೋದನೆ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಮನೆಯ ಅಡಿಪಾಯ ಇದ್ದ ಹಾಗೆ, ಅದಿಲ್ಲದೆ ಮೇಲೆ ಏನು ಕಟ್ಟಿದರೂ ನಿಲ್ಲುವುದಿಲ್ಲ. ಅದು ಇದೆ ಅಂತ ಖಾತ್ರಿ ಆದ ಮೇಲೆ ನ್ಯಾಕ್ ಎ ಪ್ಲಸ್ಸೋ ಬಿ ಯೋ ಅಂತ ನಿದ್ದೆ ಕೆಡಿಸಿಕೊಳ್ಳಬೇಡಿ. ಒಳ್ಳೆಯ ಸೀನಿಯರ್ ಯಾರು ಸಿಗುತ್ತಾರೆ ಅಂತ ಈಗಿನಿಂದಲೇ ನೋಡಿ.

ನಾಗರಭಾವಿಯಿಂದ

ಸರ್, ನಮಸ್ತೆ. ನೀವು ಹೇಳಿದ್ದು ಸಾಗರದ ಮಟ್ಟಿಗೆ ನೂರಕ್ಕೆ ನೂರು ಸರಿ. ಆದರೆ ಒಳ್ಳೆಯ ಸೀನಿಯರ್ ಹತ್ತಿರ ಸೇರಿದರೂ ಮೊದಲ ವರ್ಷಗಳಲ್ಲಿ ಜೂನಿಯರ್‌ಗೆ ಕೈಗೆ ಎಷ್ಟು ಸಿಗುತ್ತದೆ? ನನ್ನ ಜೊತೆ ಓದುವ ಎಷ್ಟೋ ಹುಡುಗಿಯರು ಕೋರ್ಟಿಗೆ ಹೋಗಬೇಕು ಅಂತ ಆಸೆ ಇದ್ದರೂ ಮನೆ ಬಾಡಿಗೆ ಕಟ್ಟಲು ಫರ್ಮ್ ಸೇರುತ್ತಾರೆ. ಕಾಲೇಜಿನ ಹೆಸರು ಅವರಿಗೆ ಆ ದಾರಿಯನ್ನಾದರೂ ಕೊಡುತ್ತದೆ.

ಹಳೇ ಫೈಲು (ಸಾಗರ)

ತಂಗೀ, ನಿಜ. ಜೂನಿಯರ್‌ಗಳಿಗೆ ಏನೂ ಕೊಡದೆ ದುಡಿಸುವ ಅಭ್ಯಾಸ ನಮ್ಮ ವೃತ್ತಿಗೆ ದೊಡ್ಡ ಕಳಂಕ. ನಾವು ಸೀನಿಯರ್‌ಗಳೇ ಸರಿಪಡಿಸಬೇಕು. ಪರಿಶಿಷ್ಟ ಜಾತಿ, ಪಂಗಡದ ಹೊಸ ಕಾನೂನು ಪದವೀಧರರಿಗೆ ಸಮಾಜ ಕಲ್ಯಾಣ ಇಲಾಖೆಯಿಂದ ತರಬೇತಿ ಅವಧಿಯಲ್ಲಿ ಭತ್ಯೆ ಇದೆ, ಹಿಂದುಳಿದ ವರ್ಗದವರಿಗೂ ಯೋಜನೆ ಇದೆ. ತುಂಬಾ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಅರ್ಜಿ ಕರೆದಾಗ ಹಾಕಬೇಕು.

ನ್ಯಾಯಾಧೀಶರಾಗುವ ಆಸೆ ಇರುವವರಿಗೂ ಒಂದು ಮಾತು. ಸಿವಿಲ್ ಜಡ್ಜ್ ಹುದ್ದೆಗೆ ಮೂರು ವರ್ಷ ವಕೀಲಿಕೆ ಮಾಡಿರಬೇಕು ಅಂತ 2025ರ ಮೇ 20ರಂದು ಸುಪ್ರೀಂ ಕೋರ್ಟ್ ಮತ್ತೆ ಕಡ್ಡಾಯ ಮಾಡಿದೆ. ಬಾರ್ ಪರೀಕ್ಷೆಗೆ ಮುಂಚೆ ಸಿಗುವ ತಾತ್ಕಾಲಿಕ ಸನ್ನದು ಕೈಗೆ ಬಂದ ದಿನದಿಂದಲೇ ಆ ಮೂರು ವರ್ಷ ಲೆಕ್ಕಕ್ಕೆ ಬರುತ್ತದೆ. ಅಲ್ಲಿಯೂ ಮೊದಲು ಬೇಕಾಗುವುದು ಸನ್ನದೇ.

ತೀರ್ಥಹಳ್ಳಿ ಟು ಸ್ಯಾನ್ ಹೋಸೆ

ಇಲ್ಲಿ ಅಮೆರಿಕದಲ್ಲಿ ಹೇಗೆ ಅಂತ ಕೇಳುವವರು ಇದ್ದರೆ ಹೇಳುತ್ತೇನೆ. ನನ್ನ ಹೆಂಡತಿ ಶಿವಮೊಗ್ಗದಲ್ಲಿ ಎಲ್‌ಎಲ್‌ಬಿ ಮಾಡಿ ಸನ್ನದು ತಗೊಂಡವಳು, ಹಾಗಾಗಿ ನಾವಿಬ್ಬರೂ ಇದನ್ನೆಲ್ಲ ಓದಿಕೊಂಡೆವು.

ಇಲ್ಲಿ ಲಾ ಸ್ಕೂಲುಗಳಿಗೆ ಮಾನ್ಯತೆ ಕೊಡುವುದು ಅಮೆರಿಕನ್ ಬಾರ್ ಅಸೋಸಿಯೇಷನ್, ಎಬಿಎ ಅನ್ನುತ್ತಾರೆ. ಆದರೆ ವಕೀಲರ ಪರವಾನಗಿ ಕೊಡುವುದು ಆಯಾ ರಾಜ್ಯ. ಹೆಚ್ಚಿನ ರಾಜ್ಯಗಳಲ್ಲಿ ಎಬಿಎ ಮಾನ್ಯತೆ ಇರುವ ಸ್ಕೂಲಿನಲ್ಲಿ ಓದಿದವರಿಗೆ ದಾರಿ ನೇರ, ಬೇರೆ ಕಡೆ ಓದಿದವರು ಬಾರ್ ಪರೀಕ್ಷೆಗೆ ಕೂರುವುದೇ ಕಷ್ಟ. ಕ್ಯಾಲಿಫೋರ್ನಿಯಾ ಬೇರೆ ತರ. ಇಲ್ಲಿ ರಾಜ್ಯವೇ ಮಾನ್ಯತೆ ಕೊಟ್ಟ ಸ್ಕೂಲುಗಳಿವೆ, ಮಾನ್ಯತೆ ಇಲ್ಲದ ಸ್ಕೂಲುಗಳೂ ಇವೆ. ಮಾನ್ಯತೆ ಇಲ್ಲದ ಕಡೆ ಓದುವವರು ಮೊದಲ ವರ್ಷ ಮುಗಿದ ಮೇಲೆ ಒಂದು ಪ್ರತ್ಯೇಕ ಪರೀಕ್ಷೆ ಪಾಸಾಗಬೇಕು. ಲಾ ಸ್ಕೂಲಿಗೇ ಹೋಗದೆ ವಕೀಲರ ಅಥವಾ ನ್ಯಾಯಾಧೀಶರ ಕೈಕೆಳಗೆ ನಾಲ್ಕು ವರ್ಷ ಕಲಿತು ಬಾರ್ ಪರೀಕ್ಷೆ ಬರೆಯುವ ದಾರಿಯೂ ಇದೆ. ವರ್ಜೀನಿಯಾ, ವರ್ಮಾಂಟ್, ವಾಷಿಂಗ್ಟನ್ ರಾಜ್ಯಗಳಲ್ಲೂ ಅಂಥದ್ದು ಇದೆ.

@ಭದ್ರಾ ಹೊಳೆ ಅವರು ಕೇಳಿದ "ಪರೀಕ್ಷೆ ಪಾಸಾದರೆ ಸಾಲದಾ" ಎನ್ನುವ ವ್ಯವಸ್ಥೆಗೆ ಹತ್ತಿರ ಇರುವುದು ಇದೇ. ಆದರೆ ಇಲ್ಲಿನ ಬಾರ್ ಪರೀಕ್ಷೆ ಎರಡು ದಿನದ್ದು, ಪ್ರಬಂಧ ಬರೆಯಬೇಕು, ತುಂಬಾ ಕಷ್ಟ. ಪರೀಕ್ಷೆ ಅಷ್ಟು ಬಿಗಿಯಾಗಿದ್ದರೆ ಕಾಲೇಜಿನ ಕಡೆ ಸ್ವಲ್ಪ ಸಡಿಲ ಬಿಡಬಹುದು. ನಮ್ಮಲ್ಲಿ ಪರೀಕ್ಷೆ ಸುಲಭ, ಹಾಗಾಗಿ ಕಾಲೇಜು ಬಿಗಿ ಇರಲೇಬೇಕು ಅಂತ ನನಗೆ ಅನ್ನಿಸುತ್ತದೆ.

ಭಾರತದಲ್ಲಿ ಸನ್ನದು ಇರುವ ವಕೀಲರು ಕ್ಯಾಲಿಫೋರ್ನಿಯಾದ ಬಾರ್ ಪರೀಕ್ಷೆಗೆ ಇಲ್ಲಿ ಮತ್ತೆ ಲಾ ಓದದೆಯೇ ಕೂರಬಹುದು. ಅಲ್ಲೂ ನೋಡಿ, ಊರಿನಲ್ಲಿ ಸಿಕ್ಕ ಆ ಸನ್ನದೇ ಕೆಲಸಕ್ಕೆ ಬರುವುದು.

ಭದ್ರಾ ಹೊಳೆ

ಧನ್ಯವಾದ ಸರ್. ಹಾಗಿದ್ದರೆ ನನ್ನ ಮಾತನ್ನು ಹೀಗೆ ಹೇಳುತ್ತೇನೆ. ಅನುಮೋದನೆ ಇಲ್ಲದ ಕಾಲೇಜು ಪ್ರವೇಶ ಕೊಡುವುದನ್ನೇ ತಡೆಯಬೇಕು. ಐದು ವರ್ಷ ಫೀಸು ಕಟ್ಟಿಸಿಕೊಂಡು ಆಮೇಲೆ ಮಗುವಿಗೆ "ಸನ್ನದು ಇಲ್ಲ" ಅನ್ನುವುದು ಸರಿಯಾದ ಕ್ರಮ ಅಲ್ಲ. ಬಾಗಿಲಲ್ಲೇ ಬೋರ್ಡು ಹಾಕಿಸಬೇಕು: ಈ ವರ್ಷ, ಈ ಕೋರ್ಸಿಗೆ ಅನುಮೋದನೆ ಇದೆ ಅಥವಾ ಇಲ್ಲ. ಹಳ್ಳಿಯಿಂದ ಬರುವ ಅಪ್ಪ ಅಮ್ಮನಿಗೆ ಜಾಲತಾಣದಲ್ಲಿ ಇಂಗ್ಲಿಷ್ ಪಟ್ಟಿ ಹುಡುಕು ಅಂದರೆ ಹೇಗೆ ಆಗುತ್ತದೆ?

ವಕೀಲೆ, ಶಿವಮೊಗ್ಗ

ಇದಕ್ಕೆ ನನ್ನ ಪೂರ್ತಿ ಬೆಂಬಲ. ಕನ್ನಡದಲ್ಲಿ ಬೋರ್ಡು ಇರಬೇಕು. ಪಿಯು ಕಾಲೇಜುಗಳಲ್ಲೂ ಫಲಿತಾಂಶ ಬರುವ ಮುಂಚೆ ಯಾರಾದರೂ ಹೋಗಿ ಹೇಳಬೇಕು. ನಮ್ಮ ವಕೀಲರ ಸಂಘದಲ್ಲಿ ಈ ವಿಷಯ ಎತ್ತುತ್ತೇನೆ.

ಹೊಸ ಕಾಲೇಜುಗಳ ವಿಷಯದಲ್ಲಿ ಬಾರ್ ಕೌನ್ಸಿಲ್ ಈಗ ಸ್ವಲ್ಪ ಬಿಗಿ ಮಾಡಿದೆ. 2025ರ ಆಗಸ್ಟ್‌ನಲ್ಲಿ ಮೂರು ವರ್ಷ ಹೊಸ ಲಾ ಕಾಲೇಜು ಬೇಡ ಅಂತ ತಡೆ ಹಾಕಿತು. ಇರುವ ಕಾಲೇಜುಗಳೂ ಮುಂಚಿತ ಒಪ್ಪಿಗೆ ಇಲ್ಲದೆ ಹೊಸ ವಿಭಾಗ, ಹೊಸ ಕೋರ್ಸು ಶುರು ಮಾಡುವ ಹಾಗಿಲ್ಲ. ಹಾಗಾಗಿ "ಈ ವರ್ಷ ಹೊಸದಾಗಿ ಶುರು" ಅಂತ ಯಾರಾದರೂ ಹೇಳಿದರೆ ಇನ್ನೂ ಜಾಸ್ತಿ ಎಚ್ಚರ ಬೇಕು.

ತೋಟದಮನೆ (ಹೊಸನಗರ ತಾಲ್ಲೂಕು)

ಎಲ್ಲರಿಗೂ ಕೈಮುಗಿಯುತ್ತೇನೆ. ರಾತ್ರಿ ಮನೆಯವರೆಲ್ಲ ಕೂತು ಇದನ್ನು ಪೂರ್ತಿ ಓದಿದೆವು. ಇವತ್ತು ಬೆಳಿಗ್ಗೆ ಆ ಏಜೆಂಟರಿಗೆ ಫೋನ್ ಮಾಡಿ, ಈ ವರ್ಷದ ಬಿಎ ಎಲ್‌ಎಲ್‌ಬಿ ಕೋರ್ಸಿನ ಅನುಮೋದನೆ ಪತ್ರ ಕಳಿಸಿ ಅಂದೆ. ಹಳೇ ವರ್ಷದ್ದೊಂದು ಪತ್ರ ಕಳಿಸಿದರು, ಅದೂ ಮೂರು ವರ್ಷದ ಕೋರ್ಸಿಂದು. ಮುಂಗಡ ಕಟ್ಟುವುದಿಲ್ಲ ಅಂತ ಹೇಳಿಬಿಟ್ಟೆ.

ಮಗಳು ಪಕ್ಕದಲ್ಲೇ ಇದ್ದಾಳೆ. ಅವಳದೇ ಪ್ರಶ್ನೆಗಳು ಇವೆಯಂತೆ, ಅವಳೇ ಬರೆಯುತ್ತಾಳೆ.

ನಮಸ್ತೆ. ನಾನು ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ನನಗೆ ಕೋರ್ಟಿನಲ್ಲೇ ಕೆಲಸ ಮಾಡಬೇಕು, ಕಂಪನಿ ಬೇಡ. ನಮ್ಮ ಊರಿನಲ್ಲಿ ಹೆಂಗಸರು ಪಾಲು ಕೇಳಲು ಹೆದರುತ್ತಾರೆ, ಅವರ ಪರ ನಿಲ್ಲಬೇಕು ಅಂತ ಆಸೆ. ಶಿವಮೊಗ್ಗದಲ್ಲಿ ಓದಿದರೆ ಕನ್ನಡದಲ್ಲಿ ಪರೀಕ್ಷೆ ಬರೆಯಬಹುದಾ? ಮುಂದೆ ಬೇರೆ ರಾಜ್ಯಕ್ಕೆ ಹೋಗಬೇಕಾದರೆ ಇಲ್ಲಿಯ ಪದವಿ ನಡೆಯುತ್ತದಾ? ಸನ್ನದಿಗೆ ತುಂಬಾ ಖರ್ಚು ಆಗುತ್ತದಾ?

ವಕೀಲೆ, ಶಿವಮೊಗ್ಗ

ಪುಟ್ಟಾ, ನಿನ್ನ ಮಾತು ಓದಿ ಖುಷಿಯಾಯಿತು. 2005ರ ತಿದ್ದುಪಡಿಯಿಂದ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕಿದೆ. ಆ ಸಮಯಕ್ಕೆ ತಂದೆ ಬದುಕಿರಲೇಬೇಕು ಅಂತಿಲ್ಲ ಅಂತ 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಆದರೂ ಅಣ್ಣತಮ್ಮಂದಿರ ಬೇಸರಕ್ಕೆ ಹೆದರಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಹೆಂಗಸರನ್ನು ನಾನು ನೋಡುತ್ತಲೇ ಇರುತ್ತೇನೆ. ನಿನ್ನಂಥವರು ಬೇಕು.

ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಅಖಿಲ ಭಾರತ ಬಾರ್ ಪರೀಕ್ಷೆಯೂ ಕನ್ನಡದಲ್ಲಿ ಇದೆ. ಆದರೆ ಇಂಗ್ಲಿಷ್ ಬಿಡಬೇಡ. ಹೈಕೋರ್ಟ್, ಸುಪ್ರೀಂ ಕೋರ್ಟಿನ ತೀರ್ಪುಗಳು ಮೊದಲು ಬರುವುದು ಇಂಗ್ಲಿಷಿನಲ್ಲಿ. ದಿನಕ್ಕೆ ಒಂದು ತೀರ್ಪು ಓದುವ ಅಭ್ಯಾಸ ಮಾಡಿಕೊ, ಮೊದಲ ವರ್ಷದಲ್ಲೇ. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ವಿಚಾರಣೆ ನಡೆಯುವುದು ಕನ್ನಡದಲ್ಲೇ, ಅಲ್ಲಿ ನಿನ್ನ ಕನ್ನಡ ನಿನಗೆ ದೊಡ್ಡ ಬಲ.

ಅನುಮೋದಿತ ಕಾಲೇಜಿನ ಪದವಿ ಇಡೀ ದೇಶಕ್ಕೆ ನಡೆಯುತ್ತದೆ. ಎಲ್ಲಿ ವಕೀಲಿಕೆ ಮಾಡುತ್ತೀಯೋ ಆ ರಾಜ್ಯದ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬಹುದು. ಮುಂದೆ ಬೇರೆ ರಾಜ್ಯಕ್ಕೆ ಹೆಸರು ವರ್ಗಾಯಿಸಲು ಕಾಯ್ದೆಯ 18ನೇ ಕಲಮಿನಲ್ಲಿ ಅವಕಾಶ ಇದೆ.

ಖರ್ಚಿನ ವಿಷಯ: ಹಿಂದೆ ಒಂದೊಂದು ರಾಜ್ಯದ ಪರಿಷತ್ತು ಒಂದೊಂದು ರೀತಿ ಸಾವಿರಾರು ರೂಪಾಯಿ ತಗೊಳ್ಳುತ್ತಿತ್ತು. 2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಕಾಯ್ದೆಯಲ್ಲಿ ಇರುವಷ್ಟೇ ನೋಂದಣಿ ಶುಲ್ಕ: ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡಕ್ಕೆ 125 ರೂಪಾಯಿ. ಬಾರ್ ಪರೀಕ್ಷೆಯ ಶುಲ್ಕ ಬೇರೆ.

ಹಳೇ ಫೈಲು (ಸಾಗರ)

ಮಗೂ, ಇಂಟರ್ನ್‌ಶಿಪ್ಪಿಗೆ ಒಂದೇ ಸಲ ನಾಲ್ಕು ವಾರಕ್ಕಿಂತ ಜಾಸ್ತಿ ಕೂರುವ ಹಾಗಿಲ್ಲ ಅಂತ ನಿಯಮ ಇದೆ. ಹಾಗಾಗಿ ಐದು ವರ್ಷಕ್ಕೆ ಹಂಚಿಕೊ. ಒಂದು ರಜೆಯಲ್ಲಿ ತಾಲ್ಲೂಕು ಕೋರ್ಟು, ಒಂದು ರಜೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಇನ್ನೊಂದರಲ್ಲಿ ಬೆಂಗಳೂರಿನ ಹೈಕೋರ್ಟ್. ಶಿವಮೊಗ್ಗ ಜಿಲ್ಲೆಯ ಮೇಲ್ಮನವಿಗಳು ಧಾರವಾಡ ಪೀಠಕ್ಕೆ ಅಲ್ಲ, ಬೆಂಗಳೂರಿಗೇ ಹೋಗುವುದು. ಅಲ್ಲಿನ ಕೆಲಸದ ರೀತಿಯನ್ನೂ ನೋಡಿರಬೇಕು.

ಮೊದಲ ವರ್ಷದ ಬೇಸಿಗೆ ರಜೆಗೆ ಸಾಗರಕ್ಕೆ ಬಾ. ನನ್ನ ಕಚೇರಿಯಲ್ಲಿ ಈಗ ಇಬ್ಬರು ಹೆಣ್ಣುಮಕ್ಕಳು ಜೂನಿಯರ್ ಇದ್ದಾರೆ, ಅವರ ಜೊತೆ ಕೂರಬಹುದು. ವಿಳಾಸವನ್ನು ನಿಮ್ಮ ಅಪ್ಪನಿಗೆ ಖಾಸಗಿಯಾಗಿ ಕಳಿಸುತ್ತೇನೆ. ಬರುವಾಗ ನಿಮ್ಮ ಮನೆಯ ಹಳೇ ಪಹಣಿ, ಮ್ಯುಟೇಶನ್ ಪ್ರತಿ ಇದ್ದರೆ ತಗೊಂಡು ಬಾ, ಅದರಿಂದಲೇ ಶುರು ಮಾಡೋಣ.

ತೋಟದಮನೆ (ಹೊಸನಗರ ತಾಲ್ಲೂಕು)

ಆಗಲಿ ಸರ್, ಖಂಡಿತ ಕಳಿಸುತ್ತೇನೆ. ಸೋಮವಾರ ಶಿವಮೊಗ್ಗದ ಕಾಲೇಜಿಗೆ ಹೋಗಿ ಈ ವರ್ಷದ ಅನುಮೋದನೆ ಪತ್ರ ನೋಡಿ, ಅರ್ಜಿ ತಗೊಂಡು ಬರುತ್ತೇವೆ. ಪಿಯುಸಿ ಅಂಕಪಟ್ಟಿ, ಜಾತಿ ಆದಾಯ ಪ್ರಮಾಣಪತ್ರ, ವರ್ಗಾವಣೆ ಪತ್ರ ಬಿಟ್ಟು ಬೇರೆ ಏನಾದರೂ ಬೇಕಾ ಮೇಡಂ?

ವಕೀಲೆ, ಶಿವಮೊಗ್ಗ

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೂ ಇಟ್ಟುಕೊಳ್ಳಿ ಸರ್, ಹುಟ್ಟಿದ ದಿನಾಂಕಕ್ಕೆ ಅದೇ ಬೇಕು. ಎಲ್ಲದರಲ್ಲೂ ಹೆಸರು, ಇನಿಶಿಯಲ್ ಒಂದೇ ರೀತಿ ಇದೆಯಾ ಅಂತ ಈಗಲೇ ನೋಡಿ. ವ್ಯತ್ಯಾಸ ಇದ್ದರೆ ಈಗಲೇ ಸರಿ ಮಾಡಿಸಿ, ಸನ್ನದಿನ ಅರ್ಜಿ ಸಮಯದಲ್ಲಿ ಓಡಾಟ ತಪ್ಪುತ್ತದೆ. ಅನುಮೋದನೆ ಪತ್ರದ ಒಂದು ಪ್ರತಿ ಮಾಡಿಸಿ ಮಗಳ ಫೈಲಿನಲ್ಲಿ ಹಾಕಿಡಿ.